ಇವತ್ತಿನ ಎಕ್ಸ್-ರೇ, ಮುಂದಿನ ಹತ್ತು ವರ್ಷ

ಬ್ರಿಟನ್ನಿನಲ್ಲಿ ಐವತ್ತು ದಾಟಿದ ಹೆಂಗಸರಿಗೆ ಮೂರು ವರ್ಷಕ್ಕೊಮ್ಮೆ ಮನೆಗೇ ಪತ್ರ ಬರುತ್ತದೆ, ಮ್ಯಾಮೊಗ್ರಾಂ ಮಾಡಿಸಿಕೊಳ್ಳಲು ಬನ್ನಿ ಎಂದು. 1988ರಲ್ಲಿ ಶುರುವಾದ ಸರ್ಕಾರಿ ಏರ್ಪಾಡು ಇದು. ಸ್ತನವನ್ನು ಎರಡು ಫಲಕಗಳ ನಡುವೆ ಒತ್ತಿ ಹಿಡಿದು ಎಕ್ಸ್-ರೇ ತೆಗೆಯುತ್ತಾರೆ. ಗಡ್ಡೆ ಕಾಣದಿದ್ದರೆ ಸದ್ಯಕ್ಕೆ ಏನೂ ತೊಂದರೆಯಿಲ್ಲ, ಮೂರು ವರ್ಷ ಬಿಟ್ಟು ಬನ್ನಿ ಎಂಬ ಉತ್ತರ. ತಾನಾಗಿ ವೈದ್ಯರ ಬಳಿ ಹೋಗಿ ಮನೆತನದಲ್ಲಿ ಸ್ತನ ಕ್ಯಾನ್ಸರ್ ಬಂದ ಕಥೆ ಹೇಳಿಕೊಂಡವಳ ಮಾತು ಬೇರೆ. ಹೇಳದವಳಿಗೆ ಅಪಾಯ ಎಷ್ಟೇ ಇರಲಿ, ಅದೇ ಮೂರು ವರ್ಷ.

ಮ್ಯಾಂಚೆಸ್ಟರಿನ ತಳಿವಿಜ್ಞಾನಿ ವೈದ್ಯ ಗ್ಯಾರೆತ್ ಇವಾನ್ಸ್ ಮತ್ತು ಜೊತೆಗಾರರು 2009ರಲ್ಲಿ ಕೈಗೆತ್ತಿಕೊಂಡ 'ಪ್ರೊಕಾಸ್' ಅಧ್ಯಯನ ಇದನ್ನೇ ಪ್ರಶ್ನಿಸಿತು. ಹೇಗೂ ಎಕ್ಸ್-ರೇ ತೆಗೆಸಿಕೊಳ್ಳಲು ಬಂದಿದ್ದಾರೆ, ಇವತ್ತು ಕ್ಯಾನ್ಸರ್ ಇದೆಯೇ ಎಂದಷ್ಟೇ ನೋಡಿ ಕಳಿಸುವುದೇಕೆ? ಮುಂದಿನ ಹತ್ತು ವರ್ಷಗಳಲ್ಲಿ ಬರುವ ಸಾಧ್ಯತೆ ಎಷ್ಟು ಎಂದೂ ಲೆಕ್ಕ ಹಾಕಬಹುದಲ್ಲ? 57,000ಕ್ಕೂ ಹೆಚ್ಚು ಮಹಿಳೆಯರು ಇದಕ್ಕೆ ಒಪ್ಪಿದರು.

ಅವರು ಮಾಡಬೇಕಿದ್ದದ್ದು ಒಂದು ಫಾರಂ ತುಂಬುವುದು. ಮೈನೆರೆದದ್ದು ಯಾವಾಗ, ಮೊದಲ ಹೆರಿಗೆ ಎಷ್ಟನೇ ವಯಸ್ಸಿನಲ್ಲಿ, ಮುಟ್ಟು ನಿಂತದ್ದು ಎಂದು, ಎತ್ತರ ಎಷ್ಟು, ತೂಕ ಎಷ್ಟು. ಅಮ್ಮ, ಅಕ್ಕತಂಗಿಯರು, ಚಿಕ್ಕಮ್ಮ-ದೊಡ್ಡಮ್ಮಂದಿರಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಬಂದಿತ್ತೇ? ಸೋದರತ್ತೆಗೆ? ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಈ ಕ್ಯಾನ್ಸರಿನ ಅಪಾಯ ಏರಿಸುವ, ದೋಷವಿರುವ ಬಿಆರ್‌ಸಿಎ ವಂಶವಾಹಿ ಅಪ್ಪನ ಕಡೆಯಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ಉತ್ತರಗಳನ್ನೆಲ್ಲ 2004ರಲ್ಲಿ ಪ್ರಕಟವಾದ ಟೈರರ್-ಕ್ಯೂಜಿಕ್ ಎಂಬ ಗಣಿತ ಮಾದರಿಗೆ ಹಾಕಿದರೆ ಒಂದು ಶೇಕಡಾವಾರು ಸಂಖ್ಯೆ ಸಿಗುತ್ತದೆ. ಹತ್ತು ವರ್ಷದ ಅಪಾಯ ಶೇ. 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ 'ಹೆಚ್ಚಿನ ಅಪಾಯ'. ಹಾಗೆಂದರೂ, ಶೇ. 8ರ ಅಪಾಯವಿರುವ ನೂರು ಮಂದಿಯಲ್ಲಿ 92 ಮಂದಿಗೆ ಆ ಹತ್ತು ವರ್ಷಗಳಲ್ಲಿ ಏನೂ ಆಗುವುದಿಲ್ಲ!

ಎಕ್ಸ್-ರೇ ಚಿತ್ರದಲ್ಲೇ ಇನ್ನೊಂದು ಸುಳಿವು ಅಡಗಿದೆ. ಸ್ತನದ ಕೊಬ್ಬು ಅದರಲ್ಲಿ ಕಪ್ಪಗೆ ಕಾಣುತ್ತದೆ. ಹಾಲಿನ ಗ್ರಂಥಿ ಮತ್ತು ನಾರಿನ ಅಂಗಾಂಶ ಬೆಳ್ಳಗೆ. ಗಡ್ಡೆಯೂ ಬಿಳಿಯೇ. ಬಿಳಿ ಭಾಗ ಹೆಚ್ಚಿರುವ, ಅಂದರೆ ಸಾಂದ್ರತೆ ಹೆಚ್ಚಿರುವ ಸ್ತನದಲ್ಲಿ ಗಡ್ಡೆ ಹುಡುಕುವುದು ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸಿದ ಹಾಗೆ. ಅದು ಸಾಲದೆಂಬಂತೆ, ಆ ಸಾಂದ್ರತೆ ಸ್ವತಃ ಅಪಾಯವನ್ನು ಏರಿಸುತ್ತದೆ. ತೀರಾ ಸಾಂದ್ರವಾದ ಸ್ತನವುಳ್ಳವರಿಗೆ, ಬಹುಪಾಲು ಕೊಬ್ಬೇ ಇರುವವರಿಗಿಂತ ನಾಲ್ಕು ಪಟ್ಟು ಅಥವಾ ಇನ್ನೂ ಹೆಚ್ಚು ಅಪಾಯ. ಕೈಯಲ್ಲಿ ಮುಟ್ಟಿ ನೋಡಿದರೆ ಇದು ಗೊತ್ತಾಗದು, ಚಿತ್ರವೇ ಬೇಕು.

ಮ್ಯಾಂಚೆಸ್ಟರಿನವರು ಇದನ್ನು ಅಳೆದ ರೀತಿ ನನಗೆ ಬಹಳ ಇಷ್ಟವಾಯಿತು. ಹತ್ತು ಸೆಂಟಿಮೀಟರಿನ ಒಂದು ಗೆರೆ. ಎಡತುದಿ ಸೊನ್ನೆ, ಬಲತುದಿ ನೂರು. ಅನುಭವಿ ತಜ್ಞರಿಬ್ಬರು ಚಿತ್ರ ನೋಡಿ, ಬಿಳಿ ಎಷ್ಟಿದೆ ಎನಿಸಿತೋ ಅಲ್ಲಿ ಒಂದೊಂದು ಗುರುತು ಹಾಕುತ್ತಾರೆ. ಎರಡರ ಸರಾಸರಿಯೇ ಸಾಂದ್ರತೆ. ಆಮೇಲೆ ಹಲವು ಸ್ವಯಂಚಾಲಿತ ತಂತ್ರಾಂಶಗಳೊಂದಿಗೆ ಹೋಲಿಸಿದಾಗ, ಮುಂದೆ ಯಾರಿಗೆ ಕ್ಯಾನ್ಸರ್ ಬರಬಹುದು ಎಂದು ಸೂಚಿಸುವುದರಲ್ಲಿ ಈ ಕಣ್ಣಂದಾಜೇ ಮುಂದಿತ್ತು. ಕಂಪ್ಯೂಟರ್ ಹೇಳಿದ್ದೆಲ್ಲ ವೇದವಾಕ್ಯ ಎನ್ನುವವರು ಗಮನಿಸಲಿ. ಸುಮಾರು ಹತ್ತು ಸಾವಿರ ಮಂದಿ ಎಂಜಲಿನ ಮಾದರಿಯನ್ನೂ ಕೊಟ್ಟರು. ಡಿಎನ್‌ಎಯ ಹತ್ತಾರು ಸಣ್ಣ ವ್ಯತ್ಯಾಸಗಳು ಒಂದೊಂದಾಗಿ ನಗಣ್ಯವಾದರೂ, ಕೂಡಿಸಿದರೆ ಲೆಕ್ಕವನ್ನು ಇನ್ನಷ್ಟು ಚೂಪು ಮಾಡುತ್ತವೆ.

ಅಪಾಯ ಹೆಚ್ಚೆಂದು ಹೇಳಿ ಕೈತೊಳೆದುಕೊಂಡರೆ ಅದು ಬರೀ ಹೆದರಿಕೆ ಹಂಚಿದಂತೆ. ಆದರೆ ಇಲ್ಲಿ ಮಾಡುವುದಕ್ಕೂ ಇದೆ. ಪರೀಕ್ಷೆಯ ಅಂತರ ತಗ್ಗಿಸಬಹುದು. ಮುಟ್ಟು ನಿಂತವರು ಅನಾಸ್ಟ್ರೊಝೋಲ್ ಮಾತ್ರೆಯನ್ನು ದಿನಕ್ಕೊಂದರಂತೆ ಐದು ವರ್ಷ ತೆಗೆದುಕೊಂಡರೆ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಳೆಯ ಔಷಧವಾದರೂ, ತಡೆಗಟ್ಟುವ ಮಾತ್ರೆಯೆಂದು ಬ್ರಿಟನ್ ಪರವಾನಗಿ ಕೊಟ್ಟದ್ದು 2023ರಲ್ಲಷ್ಟೇ. ಕೀಲುನೋವು, ಮೈ ಬಿಸಿಯೇರುವುದು, ಮೂಳೆ ಸವೆತ ಇದರ ಅಡ್ಡಪರಿಣಾಮಗಳು. ಇಲ್ಲದ ರೋಗಕ್ಕೆ ದಿನಾ ಮಾತ್ರೆ ನುಂಗಲು ಒಪ್ಪುವವರೂ ಕಡಿಮೆ, ಅದನ್ನು ತಪ್ಪೆನ್ನಲಾಗದು.

ಈ ಲೆಕ್ಕವನ್ನು ನೇರವಾಗಿ ಇಲ್ಲಿಗೆ ತರುವಂತಿಲ್ಲ. ಮಾದರಿ ಕಟ್ಟಿದ್ದು ಹೆಚ್ಚಾಗಿ ಯುರೋಪಿನ ಮೂಲದವರ ಅಂಕಿಅಂಶದ ಮೇಲೆ. ಭಾರತದಲ್ಲಿ ಈ ಕ್ಯಾನ್ಸರ್ ಅಲ್ಲಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಎಲ್ಲರಿಗೂ ಮ್ಯಾಮೊಗ್ರಾಂ ಮಾಡುವ ವ್ಯವಸ್ಥೆಯೂ ನಮ್ಮಲ್ಲಿಲ್ಲ. ಇರುವುದು, ಮೂವತ್ತು ದಾಟಿದವರ ಮನೆಬಾಗಿಲಿಗೆ ಆಶಾ ಕಾರ್ಯಕರ್ತೆ ತರುವ ಫಾರಂ. ಎದೆಯಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಸೋರುತ್ತಿದೆಯೇ ಎಂದು ಅದು ಕೇಳುತ್ತದೆ. ಹೆತ್ತವರಿಗೆ, ಒಡಹುಟ್ಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗ ಇದೆಯೇ ಎಂದೂ ಕೇಳುತ್ತದೆ. ಆ ಪಟ್ಟಿಗೆ ಸ್ತನ ಕ್ಯಾನ್ಸರನ್ನೂ ಸೇರಿಸಲು ಬೇಕಾಗುವುದು ಒಂದು ಸಾಲು ಜಾಗ.