ಅಚ್ಚು ಮತ್ತು ಮುಖ

ಕೊಲ್ಹಾರವು ಕೃಷ್ಣಾ ನದಿಯ ದಂಡೆಯ ಊರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿತು. ಜನರು ಹೊಸ ಊರನ್ನು ಕಟ್ಟಿಕೊಂಡರು. ಆದರೆ ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟುವ ಕೊಲ್ಹಾರದ ಮೊಸರಿನ ಹೆಸರು ಮುಳುಗಲಿಲ್ಲ. "ಬರ್ರೀ, ಮೊಸರ ನೋಡ್ರೀ" ಎಂದು ಮಾರುವವಳು ಕೂಗಿದಾಗ, ಬಸ್ಸಿನಲ್ಲಿ ಕುಳಿತ ಪರಸ್ಥಳದವನು, "ಈ ಕಡೆಯ ಹೆಂಗಸರು ಬಲು ಗಯ್ಯಾಳಿಗಳು" ಎಂದು ತೀರ್ಮಾನಿಸಿಬಿಡುತ್ತಾನೆ. ಬಸ್ಸಿನ ಸದ್ದನ್ನು ಮೀರಿ ಕೂಗದಿದ್ದರೆ ಅವಳ ಗಡಿಗೆ ಬರಿದಾಗದು ಎಂಬುದು ಅವನಿಗೆ ಹೊಳೆಯುವುದಿಲ್ಲ.

ಬೆಲ್ಲದ ಪಾಕವನ್ನು ಅಚ್ಚಿಗೆ ಹೊಯ್ದರೆ ಎಲ್ಲ ಉಂಡೆಗಳೂ ಒಂದೇ ಆಕಾರ ತಾಳುತ್ತವೆ. ಒಂದು ನಾಡಿನ, ಒಂದು ಜಾತಿಯ ಅಥವಾ ಒಂದು ನುಡಿಯ ಹೆಂಗಸರೆಲ್ಲರೂ ಹೀಗೆಯೇ ಇರುವರೆಂದು ಮೊದಲೇ ಭಾವಿಸುವುದೂ ಇಂಥದೇ ಒಂದು ಅಚ್ಚು. ಬೆಲ್ಲಕ್ಕೆ ಇದರಿಂದ ನಷ್ಟವಿಲ್ಲ, ಮನುಷ್ಯರಿಗೆ ಉಂಟು.

ಈ ಅಚ್ಚು ಹೇಗೆ ಹುಟ್ಟುತ್ತದೆ? ಕನ್ನಡ ಚಲನಚಿತ್ರೋದ್ಯಮವು ಮೊದಲು ಮದರಾಸಿನಲ್ಲಿ, ಅನಂತರ ಬೆಂಗಳೂರಿನಲ್ಲಿ ಬೆಳೆಯಿತು. ನಾಯಕ ನಾಯಕಿಯರ ಮಾತು ಬಹುಮಟ್ಟಿಗೆ ಹಳೆಯ ಮೈಸೂರು ಸೀಮೆಯದಾಯಿತು. ವಿಜಾಪುರ, ಧಾರವಾಡಗಳ ನುಡಿ ಹಲವೊಮ್ಮೆ ನಗೆಪಾತ್ರಗಳ ಪಾಲಿಗೆ ಬಂದಿತು. ಇಲಕಲ್ಲ ಸೀರೆ, ಹಣೆ ತುಂಬ ಕುಂಕುಮ, ಏರುದನಿ, ಒರಟು ಬೈಗುಳ - ಇಷ್ಟಿದ್ದರೆ ಪಾತ್ರ ಸಿದ್ಧ. ಪ್ರೇಕ್ಷಕರು ಬೇಗನೆ ಗುರುತಿಸಿ ನಕ್ಕರು. ನಕ್ಕದ್ದರಿಂದ ಅದೇ ಪಾತ್ರ ಮತ್ತೆ ಬಂದಿತು. ಉತ್ತರದ ಸೀಮೆಯನ್ನು ಕಾಣದವರು ಅದನ್ನೇ ನಿಜವೆಂದು ನಂಬಿದರು. "ಮಾತು ಒರಟಾದರೂ ಮನಸ್ಸು ಬೆಣ್ಣೆ" ಎಂಬ ಹೊಗಳಿಕೆಯೂ ಇನ್ನೊಂದು ಅಚ್ಚೇ.

ಇದು ನಮ್ಮಲ್ಲಿ ಮಾತ್ರ ನಡೆದುದಲ್ಲ. ಅಮೆರಿಕದ ಚಲನಚಿತ್ರಗಳಲ್ಲಿ ಸ್ಪ್ಯಾನಿಷ್ ನುಡಿಯ ನಾಡುಗಳ ಮೂಲದ ಹೆಂಗಸರನ್ನು ಸಿಡುಕಿಯರಾಗಿ, ಬೆಡಗಿಯರಾಗಿ, ಇಲ್ಲವೆ ಮನೆಗೆಲಸದವರಾಗಿ ತೋರಿಸುವ ರೂಢಿ ಬೆಳೆಯಿತು. ಪೋರ್ಟೊರಿಕೊದಲ್ಲಿ ಹುಟ್ಟಿದ ರೀಟಾ ಮೊರೆನೊ ಎಂಬ ನಟಿಗೆ 1962ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಆ ಬಳಿಕವೂ ಅಂಥವೇ ಪಾತ್ರಗಳು ಬಂದಾಗ ಆಕೆ ಒಲ್ಲೆನೆಂದು, ಕೆಲವು ವರ್ಷ ಚಲನಚಿತ್ರಗಳಿಂದಲೇ ದೂರ ಉಳಿದರು.

ನನ್ನ ಶಿಷ್ಯೆಯೊಬ್ಬಳು ಈ ಭಾಗದಿಂದ ದೂರದ ನಗರಕ್ಕೆ ಓದಲು ಹೋದಳು. ಅವಳು ಬಾಯಿ ತೆರೆದೊಡನೆ ಸಹಪಾಠಿಗಳು ಸಿನಿಮಾದ ಮಾತನ್ನು ಅಣಕಿಸಿ ನಗುತ್ತಿದ್ದರಂತೆ. ತರಗತಿಯಲ್ಲಿ ಉತ್ತರ ಬಲ್ಲವಳಾದರೂ ಅವಳು ಮೌನವಾದಳು. ರಜೆಯಲ್ಲಿ ಬಂದಾಗ, "ಗುರುಗಳೇ, ನನಗೆ ಉತ್ತರ ಗೊತ್ತಿರತದರೀ, ಆದರ ಅವರು ನಗತಾರಂತ ಕೈ ಎತ್ತೂದಿಲ್ಲ" ಎಂದಳು. ಹಾಸ್ಯವೆಂದು ನಾವು ತಳ್ಳಿಹಾಕುವ ಮಾತು ಒಬ್ಬಳ ವಿದ್ಯೆಗೇ ಅಡ್ಡಿಯಾಗಬಲ್ಲದೆಂದು ನಾನು ಅಂದು ಅರಿತೆ.

ಧಾರವಾಡದಲ್ಲಿ 1913ರಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಚಿಕಿತ್ಸೆಯ ಬಳಿಕ ಗಡುಸಾಯಿತು. ಹೆಣ್ಣಿನ ಕಂಠವು ಕೋಮಲವಾಗಿಯೇ ಇರಬೇಕೆಂಬ ಅಚ್ಚಿಗೆ ಅದು ಒಗ್ಗಲಿಲ್ಲ. ಆದರೂ ಅದೇ ದನಿಯಿಂದ ಅವರು ಹಿಂದೂಸ್ತಾನಿ ಸಂಗೀತದಲ್ಲಿ ಮೇರುಸ್ಥಾನ ಪಡೆದರು. 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರಿಗೆ ಸಂದಿತು. ಇನ್ನು, ಇದೇ ಜಿಲ್ಲೆಯ ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯಕ್ಕೆ ಹೋಗಿ ನೋಡಿದರೆ, ಮೆಲುದನಿಯವರೂ ಏರುದನಿಯವರೂ ಗಣಿತ ಬಲ್ಲವರೂ ಕವಿತೆ ಬರೆಯುವವರೂ ಒಂದೇ ಅಂಗಳದಲ್ಲಿ ಕಾಣುತ್ತಾರೆ.

ಅನ್ಯರನ್ನು ದೂರುವ ಮುನ್ನ ನಮ್ಮನ್ನೂ ಪರೀಕ್ಷಿಸಿಕೊಳ್ಳಬೇಕು. ತಾಂಡಾದಿಂದ ಬರುವ ಲಂಬಾಣಿ ಹೆಣ್ಣುಮಗಳ ಕನ್ನಡಿಯ ಉಡುಪನ್ನಷ್ಟೇ ಕಂಡು, ಅವಳ ಹೆಸರನ್ನು ಕೇಳದೆ ಹೋದವರು ನಮ್ಮಲ್ಲಿ ಎಷ್ಟು ಮಂದಿ? ಪಟ್ಟಣದ ಹುಡುಗಿಯರೆಲ್ಲ ಜಂಬದವರೆಂದು ನಾವೂ ಆಡಿಕೊಂಡಿಲ್ಲವೆ? ಆದ್ದರಿಂದ ಮುಂದೆ ತರಗತಿಗೆ ಬೇರೆ ಸೀಮೆಯ ಸಹಪಾಠಿಯೊಬ್ಬಳು ಬಂದಾಗ, ಅವಳ ಉಚ್ಚಾರಣೆಗೆ ನಗುವ ಮೊದಲು ಅವಳು ಹೇಳುತ್ತಿರುವ ಉತ್ತರವನ್ನು ಪೂರ್ತಿಯಾಗಿ ಕೇಳಿರಿ.