ಕೀಟಭಕ್ಷಕಗಳಿಗೆ ಆಹಾರಕೀಟಗಳ ಸಾಕಣೆ: ಕೊಡಗಿನ ಕಾಫಿ ತೋಟದ ಒಂದು ನಿದರ್ಶನ

ಕೀಟಗಳನ್ನು ತಿಂದು ಬದುಕುವ ಪ್ರಾಣಿಯನ್ನು ಸಾಕಬೇಕೆನ್ನುವವನು ಮೊದಲು ಆ ಕೀಟಗಳನ್ನೇ ಸಾಕಬೇಕಾಗುತ್ತದೆ. ಪರದೇಶಗಳಲ್ಲಿ ಊಸರವಳ್ಳಿಯನ್ನು ಮನೆಯಲ್ಲಿಟ್ಟು ಸಲಹುವವರು ಮಿಡತೆ ಮೊದಲಾದವನ್ನು ಪೆಟ್ಟಿಗೆಗಳಲ್ಲಿ ಬೆಳೆಸುತ್ತಾರೆ. ಕೀಟವು ತಿಂದ ಸೊಪ್ಪಿನ ಸತ್ವವೇ ಕೊನೆಗೆ ಊಸರವಳ್ಳಿಗೆ ಸೇರುವುದರಿಂದ ಆ ಸೊಪ್ಪನ್ನೂ ಆರಿಸಿ ಹಾಕುತ್ತಾರೆ. ನಮ್ಮ ನಾಡಿನ ಊಸರವಳ್ಳಿಯನ್ನು ಹಿಡಿದು ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವಕಾಶ ಕೊಡುವುದಿಲ್ಲ. ಆದರೆ ಇದೇ ತತ್ತ್ವವು ಕೊಡಗಿನ ಕಾಫಿ ತೋಟಗಳಿಗೆ ಸಂಬಂಧಿಸಿದಂತೆ ಬೇರೊಂದು ಕೀಟಭಕ್ಷಕದ ವಿಷಯದಲ್ಲಿ ಅನ್ವಯವಾಗುತ್ತದೆ. ಅದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಚೆಟ್ಟಳ್ಳಿಯು ಕಾಫಿ, ಕಿತ್ತಳೆ, ಮೆಣಸುಗಳ ಊರು. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ತೋಟಗಾರಿಕೆಯ ಪ್ರಯೋಗಕೇಂದ್ರವೂ ಇಲ್ಲಿವೆ. ಇಲ್ಲಿನ ಬೆಳೆಗಾರರನ್ನು ಬೇಸಿಗೆಯಲ್ಲಿ ಕಾಡುವ ಶತ್ರುಗಳಲ್ಲಿ ಹಿಟ್ಟುತಿಗಣೆಯೂ ಒಂದು. ಬಿಳಿಯ ಮೇಣದ ಪುಡಿಯನ್ನು ಹೊದ್ದ ಈ ಕೀಟವು ಎಳೆಚಿಗುರು, ಮೊಗ್ಗು, ಕಾಯಿಗೊಂಚಲುಗಳಲ್ಲಿ ನೆಲಸಿ ರಸವನ್ನು ಹೀರುತ್ತದೆ. ಅದು ಸ್ರವಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಆ ಅಂಟಿನ ಆಸೆಗೆ ಇರುವೆಗಳು ಬಂದು ತಿಗಣೆಯನ್ನು ಕಾಯುತ್ತವೆ.

ಇದಕ್ಕೆ ಪ್ರತಿಯಾದುದು ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳುವಿನ ಜಾತಿಯ ದುಂಬಿ. ಇದರ ಮೂಲ ಆಸ್ಟ್ರೇಲಿಯ. 1898ರಲ್ಲಿ ಇದನ್ನು ದಕ್ಷಿಣ ಭಾರತಕ್ಕೆ ತಂದದ್ದು ಹಿಟ್ಟುತಿಗಣೆಗಾಗಿ ಅಲ್ಲ, ಕಾಫಿಯ ಹಸಿರು ಶಲ್ಕಕೀಟವನ್ನು ಹತ್ತಿಕ್ಕಲೆಂದು. ಆ ಕಾರ್ಯದಲ್ಲಿ ಅದು ಸಫಲವಾಗಲಿಲ್ಲ. ಹಿಟ್ಟುತಿಗಣೆ ಸಿಕ್ಕ ಕಡೆಗಳಲ್ಲಿ ಮಾತ್ರ ನೆಲೆಯೂರಿತು. ಆಹಾರವನ್ನು ಆರಿಸುವವನು ಸಾಕುವವನಲ್ಲ, ತಿನ್ನುವ ಪ್ರಾಣಿಯೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದುಂಬಿಯನ್ನು ಪ್ರಯೋಗಶಾಲೆಯಲ್ಲಿ ಹೆಚ್ಚಿಸುವ ಕ್ರಮ ಸರಳವಾದುದು. ತೊಟ್ಟು ಉಳ್ಳ, ಏಣುಗಳು ಎದ್ದಿರುವ ಬಲಿತ ಸಿಹಿಕುಂಬಳಕಾಯಿಗಳನ್ನು ಆರಿಸಬೇಕು. ಏಣುಗಳ ನಡುವಣ ಕುಳಿಗಳು ತಿಗಣೆಗೆ ಆಶ್ರಯ, ತೊಟ್ಟು ಎತ್ತುವವನಿಗೆ ಹಿಡಿ. ಕಾಯಿಗಳನ್ನು ತೊಳೆದು, ಶಿಲೀಂಧ್ರನಾಶಕದಲ್ಲಿ ಅದ್ದಿ, ಆರಿಸಿ, ಗಾಯಗಳಿದ್ದರೆ ಕೊಳೆಯದಂತೆ ಪ್ಯಾರಾಫಿನ್ ಮೇಣದಿಂದ ಮುಚ್ಚುತ್ತಾರೆ. ಅನಂತರ ಅವುಗಳ ಮೇಲೆ ತಿಗಣೆಯ ಮೊಟ್ಟೆಚೀಲಗಳನ್ನು ಇರಿಸುತ್ತಾರೆ. ಹದಿನೈದಿಪ್ಪತ್ತು ದಿನಗಳಲ್ಲಿ ಕಾಯಿಯೆಲ್ಲ ಬೆಳ್ಳಗಾಗುತ್ತದೆ. ಆಗ ಅದನ್ನು ಪಂಜರದಲ್ಲಿಟ್ಟು, ಸುಮಾರು 100 ದುಂಬಿಗಳನ್ನು ಒಂದು ದಿನ ಬಿಟ್ಟು, ತೆಗೆಯುತ್ತಾರೆ. ಸುಮಾರು ಒಂದು ತಿಂಗಳಿಗೆ ಹೊಸ ದುಂಬಿಗಳು ಹೊರಬೀಳತೊಡಗುತ್ತವೆ.

ಕ್ರಮ ಸರಳವಾದರೂ ಎಚ್ಚರಿಕೆಗಳು ಹಲವು. ಹೆಣ್ಣುದುಂಬಿಯು ಮೊಟ್ಟೆಯಿಡುವುದು ಬಹುಮಟ್ಟಿಗೆ ತಿಗಣೆಯ ಮೊಟ್ಟೆಚೀಲಗಳಲ್ಲಿ. ಆ ಮೇಣದ ಎಳೆಗಳೇ ಅದಕ್ಕೆ ಪ್ರೇರಣೆ. ಆದುದರಿಂದ ಚೀಲಗಳಿಲ್ಲದ ಎಳೆಯ ತಿಗಣೆಗಳು ಎಷ್ಟಿದ್ದರೂ ಸಾಲವು. ತಿಗಣೆ ಮುಗಿದುಹೋದರೆ ಮರಿಹುಳುಗಳು ಒಂದನ್ನೊಂದು ತಿನ್ನುತ್ತವೆ. ತಿಗಣೆ ಸಾಕುವ ಕೋಣೆಗೆ ಕೆಲವೇ ದುಂಬಿಗಳು ನುಗ್ಗಿದರೂ ಆಹಾರದ ದಾಸ್ತಾನು ಉಳಿಯದು. ಎರಡು ಕೋಣೆಗಳು ಬೇರೆಬೇರೆಯಾಗಿರತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾದುದು ಕಾಲ. ತಿಗಣೆಯಿಂದ ದುಂಬಿಯವರೆಗೆ ಸುಮಾರು ಒಂದೂವರೆ ತಿಂಗಳು ಬೇಕು. ಚಳಿಯಲ್ಲಿ ಇನ್ನೂ ಹೆಚ್ಚು. ಫೆಬ್ರವರಿಯಲ್ಲಿ ದುಂಬಿ ಬೇಕೆಂದರೆ ಡಿಸೆಂಬರಿನಲ್ಲೇ ಕುಂಬಳಕಾಯಿ ಸಿದ್ಧವಾಗಿರಬೇಕು. ತೋಟದಲ್ಲಿ ಬಿಳುಪು ಕಂಡಮೇಲೆ ಆರಂಭಿಸಿದವನಿಗೆ ಆ ವರ್ಷದ ಬೇಸಿಗೆ ಕೈತಪ್ಪಿದಂತೆಯೇ.

ಇಷ್ಟು ಶ್ರಮದಿಂದ ಬೆಳೆಸಿದ ದುಂಬಿಯನ್ನು ತೋಟಕ್ಕೆ ಬಿಟ್ಟಮೇಲೆ ಒದಗುವ ಒಂದು ಅಪಾಯವನ್ನು ವಿದ್ಯಾರ್ಥಿಗಳ ಗಮನಕ್ಕೆ ತರಬಯಸುತ್ತೇವೆ. ದುಂಬಿಯ ಮರಿಹುಳುವೂ ಬಿಳಿಯ ಮೇಣದ ಎಳೆಗಳನ್ನು ಹೊದ್ದಿರುತ್ತದೆ. ನೋಡಿದವರಿಗೆ ದಪ್ಪನೆಯ ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. ರೋಗ ಉಲ್ಬಣಿಸಿತೆಂದು ತಿಳಿದು ಔಷಧಿ ಸಿಂಪಡಿಸಿದರೆ ಶತ್ರುವಿಗಿಂತ ಮೊದಲು ಮಿತ್ರನೇ ಸಾಯುತ್ತಾನೆ. ಗುರುತಿಸುವುದು ಕಷ್ಟವಲ್ಲ. ಬೆಳೆದ ಮರಿಹುಳು ತಿಗಣೆಗಿಂತ ಬಹಳ ದೊಡ್ಡದು, ಅದರ ಎಳೆಗಳು ಉದ್ದ. ಕಡ್ಡಿಯಿಂದ ಮುಟ್ಟಿದರೆ ಚುರುಕಾಗಿ ನಡೆದುಹೋಗುತ್ತದೆ. ತಿಗಣೆಯು ಇದ್ದಲ್ಲೇ ಇರುತ್ತದೆ, ಇಲ್ಲವೆ ನಿಧಾನವಾಗಿ ತೆವಳುತ್ತದೆ. ಗಿಡದ ಬುಡದ ಇರುವೆಗಳನ್ನು ಮೊದಲೇ ಹತೋಟಿಗೆ ತರುವುದೂ ಅಗತ್ಯ. ಇಲ್ಲವಾದರೆ ಅವು ದುಂಬಿಗಳನ್ನು ಓಡಿಸುತ್ತವೆ.

ಊಸರವಳ್ಳಿಯಾಗಲಿ ದುಂಬಿಯಾಗಲಿ, ಭಕ್ಷಕನ ಕ್ಷೇಮವು ಭಕ್ಷ್ಯದ ಕ್ಷೇಮವನ್ನು ಅವಲಂಬಿಸಿದೆ. ಶತ್ರುಕೀಟವನ್ನು ಕೋಣೆಯೊಳಗೆ ಮುತುವರ್ಜಿಯಿಂದ ಸಾಕಿದ ಹೊರತು ತೋಟದಲ್ಲಿ ಅದನ್ನು ಅಡಗಿಸುವ ಮಿತ್ರನು ದೊರೆಯನು. ಒಂದು ಕುಂಬಳಕಾಯಿ, ಒಂದು ಪಂಜರ, ಒಂದು ಭೂತಕನ್ನಡಿ ಇರುವ ಯಾವ ಕಾಲೇಜಿನಲ್ಲಾದರೂ ಈ ಪಾಠವನ್ನು ಕಣ್ಣಾರೆ ಕಾಣಬಹುದಾಗಿದೆ.