ಇಲ್ಲ ಎನ್ನದ್ದೆಲ್ಲ ಹೌದು

2014ರ ಮೊದಲ ತಿಂಗಳುಗಳಲ್ಲಿ ನಿಕೋಸ್ ಮಾವ್ರೊಯಾನೊಪುಲೋಸ್ ತಮ್ಮದೇ ಹಳೆಯ ಕೋಡನ್ನು ಸಾಲುಸಾಲಾಗಿ ಓದುತ್ತಿದ್ದರು. ಗ್ನುಟಿಎಲ್‌ಎಸ್ ಎಂಬ ಗೂಢಲಿಪಿ ಲೈಬ್ರರಿಯನ್ನು ಹುಟ್ಟುಹಾಕಿದವರೇ ಅವರು. ಲಿನಕ್ಸ್‌ನ ಎಷ್ಟೋ ತಂತ್ರಾಂಶಗಳು ಸುರಕ್ಷಿತ ಸಂಪರ್ಕಕ್ಕೆ ಅದನ್ನೇ ನೆಚ್ಚಿಕೊಂಡಿದ್ದವು. ಆಗ ನಡೆದಿದ್ದದ್ದು ರೆಡ್ ಹ್ಯಾಟ್ ಕಂಪನಿಗಾಗಿ ಅದರ ತಪಾಸಣೆ. ತಾನೇ ಬರೆದದ್ದನ್ನು ತಪ್ಪು ಹುಡುಕಲೆಂದೇ ಓದುವುದಿದೆಯಲ್ಲ, ಬಹಳ ಬೇಸರದ ಕೆಲಸ. ಕಣ್ಣು ಬರೆದದ್ದನ್ನು ಬಿಟ್ಟು ಬರೆಯಬೇಕೆಂದಿದ್ದದ್ದನ್ನೇ ಓದಿಕೊಂಡು ಹೋಗುತ್ತದೆ.

ಜಾಲತಾಣವೊಂದು ತೋರಿಸುವ ಸರ್ಟಿಫಿಕೇಟಿಗೆ ಇನ್ನೊಬ್ಬರ ಸಹಿ ಇರುತ್ತದೆ, ಅವರದಕ್ಕೆ ಮತ್ತೊಬ್ಬರದು. ಈ ಸರಪಳಿಯ ಕೊಂಡಿಕೊಂಡಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಸಹಿ ಹಾಕಿದವರಿಗೆ ಆ ಅಧಿಕಾರ ಇದೆಯೇ? ಅದನ್ನು ನೋಡುವ ಪುಟ್ಟ ಫಂಕ್ಷನ್ ಹೌದಾದರೆ 1, ಇಲ್ಲವಾದರೆ 0 ಎನ್ನಬೇಕಿತ್ತು. ಆದರೆ ಸರ್ಟಿಫಿಕೇಟಿನ ಒಳಗಿನದನ್ನು ಓದುವಾಗಲೇ ಎಡವಿದರೆ? ಆಗ ಅದು ದೋಷಸಂಖ್ಯೆಯನ್ನು ಹಿಂತಿರುಗಿಸುತ್ತಿತ್ತು. ಗ್ನುಟಿಎಲ್‌ಎಸ್‌ನಲ್ಲಿ ದೋಷಸಂಖ್ಯೆಗಳೆಲ್ಲ ಋಣಸಂಖ್ಯೆಗಳು. ಕೇಳಿದವನೋ ‘ಉತ್ತರ ಸೊನ್ನೆಯೇ?’ ಎಂದಷ್ಟೇ ನೋಡುತ್ತಿದ್ದ. ಸೊನ್ನೆಯಲ್ಲ, ಹಾಗಾದರೆ ಸರಿ, ಮುಂದೆ ಹೋಗಲಿ!

ಕಚೇರಿಯಲ್ಲಿ ಗುಮಾಸ್ತ ‘ಸಾರ್, ಈ ಕಾಗದ ಓದೋಕೇ ಆಗ್ತಿಲ್ಲ’ ಅಂದರೆ, ಸಾಹೇಬರು ‘ನಕಲಿ ಅಂತ ಹೇಳಲಿಲ್ಲವಲ್ಲ’ ಎಂದು ರುಜು ಹಾಕಿದ ಹಾಗೆ. ಹೌದು-ಇಲ್ಲಕ್ಕೆ 1-0, ದೋಷಕ್ಕೆ ಋಣಸಂಖ್ಯೆ: ಎರಡೂ ಪದ್ಧತಿಗಳು ತಮ್ಮಷ್ಟಕ್ಕೆ ಸರಿ, ತಪ್ಪಿದ್ದದ್ದು ಅವೆರಡರ ನಡುವೆ. ಬೇಕೆಂದೇ ಕೆಡಿಸಿದ ಸರ್ಟಿಫಿಕೇಟು ಹಿಡಿದು ನಡುದಾರಿಯಲ್ಲಿ ಕೂತವನು ಬ್ಯಾಂಕಿನ ವೇಷದಲ್ಲಿ ಮಾತಾಡಬಹುದಿತ್ತು.

ಸರ್ಟಿಫಿಕೇಟು ತಪಾಸಣೆಗೆ ಅದು ಕೆಟ್ಟ ಕಾಲವೇ. ಅದೇ ವರ್ಷದ ಫೆಬ್ರುವರಿಯಲ್ಲಿ ಸಂಶೋಧಕ ಸುಮನ್ ಜನಾ ಇದೇ ಲೈಬ್ರರಿಯ ಇನ್ನೊಂದು ದೋಷ ವರದಿ ಮಾಡಿದ್ದರು: ಹಳೆಯ ಒಂದನೇ ಆವೃತ್ತಿಯ ಮಧ್ಯಂತರ ಸರ್ಟಿಫಿಕೇಟುಗಳಿಗೂ ಅದು ಸಹಿಯ ಅಧಿಕಾರ ಕೊಟ್ಟುಬಿಡುತ್ತಿತ್ತು. ಜನಾ ಮತ್ತು ಸಂಗಡಿಗರ ದಾರಿ ಬೇರೆ. ಅಸಲಿ ಸರ್ಟಿಫಿಕೇಟುಗಳ ತುಂಡುಗಳನ್ನು ಅಡ್ಡಾದಿಡ್ಡಿ ಜೋಡಿಸಿ 80 ಲಕ್ಷಕ್ಕೂ ಹೆಚ್ಚು ‘ಫ್ರಾಂಕೆನ್‌ಸರ್ಟ್’ಗಳನ್ನು ಹುಟ್ಟಿಸಿ, ಹಲವು ಲೈಬ್ರರಿಗಳಿಗೆ ಉಣಿಸಿ, ಯಾವುದು ಒಪ್ಪುತ್ತದೆ, ಯಾವುದು ಉಗುಳುತ್ತದೆ ಎಂದು ಹೋಲಿಸಿದರು. 208 ಕಡೆ ಒಂದರ ಮಾತು ಇನ್ನೊಂದಕ್ಕೆ ಹೊಂದಲಿಲ್ಲ.

ನಿಕೋಸ್ ಕಂಡ ದೋಷ ಮಾರ್ಚ್ 3ರಂದು ಬಹಿರಂಗವಾಯಿತು. 3.1.22 ಮತ್ತು 3.2.12 ಆವೃತ್ತಿಗಳಲ್ಲಿ ದುರಸ್ತಿ ಬಂತು. ಹತ್ತು ದಿನ ಮೊದಲಷ್ಟೇ ಆಪಲ್ ತನ್ನ ಕೋಡಿನಲ್ಲಿ ಎರಡು ಬಾರಿ ನುಸುಳಿ ತಪಾಸಣೆಯನ್ನೇ ತಪ್ಪಿಸಿದ್ದ ‘ಗೋಟು ಫೇಲ್’ ಸಾಲಿಗಾಗಿ ನಗೆಪಾಟಲಾಗಿತ್ತು. ನಿಕೋಸ್ ತೇಪೆ ಹಾಕಿದ್ದನ್ನು ನೋಡಿ: ಎಡವಿದರೆ ಸೊನ್ನೆಯನ್ನೇ ಹಿಂತಿರುಗಿಸಲು ‘ಫೇಲ್’ ಎಂಬ ಹೊಸ ಗುರುತು, ಅಲ್ಲಿಗೆ ಹಾರಲು ಬೇಕಾದ ಕಡೆಯಲ್ಲೆಲ್ಲ ‘ಗೋಟು ಫೇಲ್’.